ಕೈಮಾತಿಗೆ ಬೇಕಾದ ಸಿಗ್ನಲ್

ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಇಸ್ತ್ರಿ ಯಂತ್ರದ ಬಾಯಿಗೆ ಚಾದರ ತುರುಕಿ ಬಂದ ಅಕ್ಕನಿಗೆ ಮೆಟ್ಟಿಲ ಮೇಲೇ ಗೊತ್ತಾಯಿತು, ಒಳಗೆ ಗಂಡನೂ ತಮ್ಮನೂ ಮತ್ತೆ ವಾದ ಶುರು ಹಚ್ಚಿಕೊಂಡಿದ್ದಾರೆ ಎಂದು. ಒಬ್ಬ ತಮ್ಮನಿಗೆ, ಒಬ್ಬ ತಂಗಿಗೆ ಅಕ್ಕನಾಗಿದ್ದವಳು ಈಗ ಇಡೀ ಕಟ್ಟಡಕ್ಕೇ ಅಕ್ಕ. ಅವಳಿಗೆ ಚಪ್ಪಲಿ ಬಿಚ್ಚುವುದಕ್ಕೂ ಬೇಸರವಾಗಿತ್ತು.

"ಭಾವ, ಇದು ಅಲ್ಲಿ ಕೊಂಡ ಫೋನು. ಇಲ್ಲೂ ಇದೇ ಹೆಸರಲ್ಲಿ ಮಾರ್ತಾರೆ, ಆದ್ರೆ ಒಳಗಿನ ಚಿಪ್ಪೇ ಬೇರೆ," ಎನ್ನುತ್ತಿದ್ದ ತಮ್ಮ. ದೂರದ ದೇಶದ ಗೋದಾಮಿನಲ್ಲಿ ದುಡಿಯುವ ಅವನು ರಜೆಗೆ ಬರುವಾಗ ಅಕ್ಕನಿಗೆಂದೇ ಆ ಫೋನು ತಂದಿದ್ದ.

"ಅದನ್ನೇ ನಾನೂ ಹೇಳ್ತಿರೋದು. ಅಲ್ಲಿಯ ಟವರಿಗೆ ಅಂತ ಮಾಡಿದ ಫೋನು ಇಲ್ಲಿಯ ಟವರಿನ ಮಾತು ಕೇಳುತ್ತೇನಯ್ಯಾ? ನಿಮಗೆಲ್ಲ ಹಿತ್ತಲ ಗಿಡ ಮದ್ದಲ್ಲ," ಎಂದ ಅಕ್ಕನ ಗಂಡ.

"ಅಲ್ಲಿ ಲಿಫ್ಟ್ ಒಳಗೂ ಸಿನಿಮಾ ಓಡುತ್ತೆ ಭಾವ, ಒಂದ್ಸಲಾನೂ ನಿಲ್ಲದೆ."

"ಲಿಫ್ಟಿನ ವಿಷಯ ಮಾತ್ರ ನನ್ನ ಹತ್ರ ಹೇಳ್ಬೇಡ." ಅಕ್ಕನ ಗಂಡ ಲಿಫ್ಟ್ ಮೆಕ್ಯಾನಿಕ್.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿಯುವವರೂ ಇರಲಿಲ್ಲ, ಬರೀ ನೆಲದ ಮೇಲಿನ ವಾದ. ಇಬ್ಬರೂ ವಾರದಿಂದ ಅದನ್ನೇ ಅರೆದು ಅರೆದು ನುಣ್ಣಗೆ ಮಾಡಿದ್ದರು. ಅಕ್ಕನಿಗೆ ಬೇಕಾಗಿದ್ದುದು ಒಂದೇ: ತಂಗಿಯ ಬೆರಳುಗಳು ಬಿಡಿಬಿಡಿಯಾಗಿ ಕಾಣಬೇಕು.

ತಂಗಿಗೆ, ಮನೆಯವರೆಲ್ಲ ಚಿಕ್ಕಿ ಎಂದು ಕರೆಯುವವಳಿಗೆ, ಹುಟ್ಟಿದಾಗಿನಿಂದ ಕಿವಿ ಕೇಳದು. ಅಕ್ಕ ತಂಗಿ ಇಬ್ಬರೂ ಚಿಕ್ಕಂದಿನಲ್ಲಿ ಅಡುಗೆಮನೆಯ ನೆಲದ ಮೇಲೆ ಕೂತು ತಾವೇ ಕಟ್ಟಿಕೊಂಡ ಕೈಮಾತು ಅವರದು. ತಮ್ಮನಿಗೆ ಅದು ಅರ್ಧಂಬರ್ಧ ಬರುತ್ತಿತ್ತು, ಗಂಡನಿಗೆ ಹದಿನೈದು ವರ್ಷ ಸಂಸಾರ ಮಾಡಿದರೂ ಸುತರಾಂ ಹತ್ತಿರಲಿಲ್ಲ. ಮದುವೆಯಾಗಿ ಬೇರೆ ದೇಶಕ್ಕೆ ಹೋದ ಚಿಕ್ಕಿಗೆ ತಿಂಗಳ ಹಿಂದೆ ಹೆಣ್ಣುಮಗುವಾಗಿತ್ತು. "ನಾನು ಬರ್ಲಾ?" ಎಂದು ಅಕ್ಕ ಕೇಳಿದಾಗಲೆಲ್ಲ ಉತ್ತರ ಬರಹದಲ್ಲಿ ಬರುತ್ತಿತ್ತು: ಚೆನ್ನಾಗಿದ್ದೀನಿ, ಬರಬೇಡ.

ಬರೆಯುವುದರಲ್ಲಿ ಚಿಕ್ಕಿ ಶುದ್ಧ ಸುಳ್ಳಿ. ಪರೀಕ್ಷೆಯಲ್ಲಿ ಫೇಲಾದಾಗಲೂ ಚೀಟಿಯಲ್ಲಿ ಬರೆದೇ ಅಪ್ಪನನ್ನು ನಂಬಿಸಿದ್ದಳು. ಕೈಯಲ್ಲಿ ಮಾತ್ರ ಸುಳ್ಳಾಡಲು ಅವಳಿಗೆ ಬರದು, ಎರಡನೆಯ ಮಾತಿಗೇ ಬೆರಳು ತೊದಲುತ್ತವೆ. ಅದಕ್ಕೇ ಅಕ್ಕನಿಗೆ ವಿಡಿಯೋ ಬೇಕಿತ್ತು. ಲಾಂಡ್ರಿಯ ಮೇಲ್ವಿಚಾರಕಿಯೂ ಬೆಳಿಗ್ಗೆಯೇ ಗದರಿದ್ದಳು: "ದೀರ್ಘ ರಜೆ ಬೇಕಾ ಬೇಡ್ವಾ, ನಾಳೆ ಹೇಳು. ಆಮೇಲೆ ಇನ್ನೊಬ್ಬಳಿಗೆ ಕೊಟ್ಬಿಡ್ತೀನಿ." ಹೋಗಬೇಕೋ ಬೇಡವೋ ಎಂಬುದು ಇವತ್ತು ಗೊತ್ತಾಗಲೇಬೇಕಿತ್ತು.

ಅಕ್ಕ ಮುಖಕ್ಕೆ ನೀರು ಹಾಕಿಕೊಂಡು ಬಂದು ಕರೆ ಮಾಡಿದಳು. ಅಲ್ಲಿ ಫೋನಿನ ದೀಪ ಮಿನುಗಿರಬೇಕು, ಚಿಕ್ಕಿ ಎತ್ತಿಕೊಂಡಳು. ಅಲ್ಲಿನ್ನೂ ಹಗಲು. ಫೋನನ್ನು ಎಲ್ಲೋ ಒರಗಿಸಿಟ್ಟು ಮಂಚದಂಚಿನಲ್ಲಿ ಕೂತಳು. ಪಕ್ಕದಲ್ಲಿ ಹಾಸಿಗೆಯ ಒಂದು ತುದಿ, ಹಿಂದೆ ಬರೀ ಗೋಡೆ.

ಹೇಗಿದ್ದೀಯ, ಎಂದು ಅಕ್ಕನ ಕೈ ಕೇಳಿತು. ಮಗು ಹಾಲು ಕುಡೀತಿದೆಯಾ? ಚಿಕ್ಕಿಯ ಎರಡು ಕೈಗಳೂ ಮಡಿಲಲ್ಲಿ ಬಿದ್ದುಕೊಂಡಿದ್ದವು. ಕಣ್ಣು ಕ್ಯಾಮೆರಾದ ಕಡೆಗೇ ಇದ್ದವು.

"ಚಿತ್ರ ನಿಂತುಬಿಡ್ತು," ಎಂದು ಗಂಡ ಬೀಗಿದ. "ನೋಡಿದ್ಯಾ ನಿನ್ನ ಪರದೇಶದ ಪದಾರ್ಥ!"

"ಕೊಡಿ ಇಲ್ಲಿ," ಎಂದು ತಮ್ಮ ಫೋನು ಕಸಿದುಕೊಂಡು ಕಿಟಕಿಗೆ ಹಿಡಿದ, ಬಾಗಿಲಿಗೆ ಹಿಡಿದ, ಕುರ್ಚಿಯ ಮೇಲೆ ಹತ್ತಿ ಸೂರಿಗೂ ಹಿಡಿದ. ಚಿಕ್ಕಿ ಎಲ್ಲ ಕಡೆಯೂ ಹಾಗೇ ಕೂತಿದ್ದಳು. ಅವಳೊಂದಿಗಿನ ಕರೆಗೆ ಶಬ್ದ ಯಾಕೆಂದು ಆ ಮನೆಯಲ್ಲಿ ಯಾವಾಗಲೂ ಅದನ್ನು ಆರಿಸಿಯೇ ಇಡುತ್ತಿದ್ದರು. ತಮ್ಮ ಈಗ ಶಬ್ದದ ಗುಂಡಿ ಒತ್ತಿದ. ಮಗುವಿನ ಅಳು ಕೋಣೆ ತುಂಬ ಹರಿಯಿತು, ಒಂದೇ ಸಮನೆ, ಗಂಟಲು ಕಟ್ಟಿದ ಅಳು.

"ಕೇಳಿದ್ರಾ? ಶಬ್ದ ಬರ್ತಿದೆ!" ತಮ್ಮ ಗೆದ್ದವನಂತೆ ನೋಡಿದ. "ಲೈನ್ ಸೊರಗಿದಾಗ ಇವು ಚಿತ್ರ ಬಿಟ್ಟು ಶಬ್ದ ಉಳಿಸಿಕೊಳ್ತವೆ ಭಾವ. ಫೋನಿನ ತಪ್ಪಲ್ಲ, ನಿಮ್ಮ ಟವರಿಂದು."

"ಟವರ್ ಏನ್ ಮಾಡ್ತಯ್ಯಾ? ಪಕ್ಕದ ಮನೆಯವರ ಫೋನಲ್ಲಿ ಕನ್ನಡಿ ಥರ ಕಾಣುತ್ತೆ."

ಕಿವಿ ಕೇಳದವಳಿಗೆ ಶಬ್ದ ಉಳಿಸಿಕೊಟ್ಟು ಕಣ್ಣು ಕಿತ್ತುಕೊಳ್ಳುವ ಯಂತ್ರ ಮಾಡಿದ ಪುಣ್ಯಾತ್ಮ ಯಾವ ದೇಶದವನೋ, ಎಂದುಕೊಂಡಳು ಅಕ್ಕ. ಅವಳಿಗೆ ಅಳಬೇಕೆನ್ನಿಸಿತು, ಅಳುವುದಕ್ಕೂ ಶಕ್ತಿ ಇರಲಿಲ್ಲ. "ಕೊಡೋ ಇಲ್ಲಿ, ಇಟ್ಬಿಡ್ತೀನಿ. ನಾಳೆ ಕೆಲಸಕ್ಕೆ ಹೋಗೋ ಮುಂಚೆ ನೋಡೋಣ," ಎಂದು ಫೋನು ತೆಗೆದುಕೊಂಡಳು.

ಕರೆ ಮುಗಿಸಲು ಬೆರಳು ಒಯ್ದವಳು ತಡೆದಳು. ಚಿತ್ರದ ಕೆಳಮೂಲೆಯಲ್ಲಿ, ಹಾಸಿಗೆಯ ಮೇಲೆ, ಒಂದು ಹೊದಿಕೆಯ ತುದಿ ಎದ್ದಿತು. ಬಿದ್ದಿತು. ಮತ್ತೆ ಎದ್ದಿತು. ಮಗುವಿನ ಅಳು ಉಬ್ಬಿದಾಗಲೆಲ್ಲ ಹೊದಿಕೆಯೂ ಏಳುತ್ತಿತ್ತು, ಅದರಡಿಯಿಂದ ಹೆಬ್ಬೆರಳ ಗಾತ್ರದ ಒಂದು ಪಾದ ಹೊರಬಂದು ಗಾಳಿಯನ್ನು ಒದೆಯುತ್ತಿತ್ತು.

ಚಿಕ್ಕಿಯ ರೆಪ್ಪೆ ಒಮ್ಮೆ ಮುಚ್ಚಿ ತೆರೆಯಿತು.

"ಸುಮ್ನಿರಿ ಇಬ್ರೂ," ಎಂದಳು ಅಕ್ಕ. "ಚಿತ್ರ ನಿಂತಿಲ್ಲ. ಚೆನ್ನಾಗಿ ಬರ್ತಿದೆ. ಅವಳೇ ಹಾಗೆ ಕೂತಿರೋದು."

ಗಂಡ ಬಗ್ಗಿ ನೋಡಿದ. ತಮ್ಮ ನೋಡಲಾರದೆ ಗೋಡೆಯ ಕಡೆ ತಿರುಗಿದ. ಇಷ್ಟು ಹೊತ್ತೂ ಚಿಕ್ಕಿ ನೋಡುತ್ತಲೇ ಇದ್ದಳು: ಕಿಟಕಿ, ಬಾಗಿಲು, ಸೂರು, ತನ್ನ ಕಡೆ ಬೆರಳು ಮಾಡಿ ಜಗಳವಾಡುವ ಎರಡು ಬಾಯಿಗಳು.

ಫೋನನ್ನು ಮೇಜಿನ ಮೇಲೆ ಲೋಟಕ್ಕೆ ಒರಗಿಸಿ ಅಕ್ಕ ಎದುರಿಗೆ ಕೂತಳು. ಕೇಳುವುದೆಲ್ಲ ಮುಗಿದಿತ್ತು. ದಿನವೆಲ್ಲ ಬೆಂದು ಕೆಂಪಾಗಿದ್ದ ತನ್ನ ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು ತಂಗಿಯನ್ನೇ ನೋಡುತ್ತ ಕೂತಳು. ಮಗು ಅಳುತ್ತಲೇ ಇತ್ತು, ಶಬ್ದ ಆರಿಸಲು ಯಾರಿಗೂ ಮನಸ್ಸು ಬರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಚಿಕ್ಕಿಯ ಬಲಗೈ, ಕಲ್ಲು ಕಟ್ಟಿದಂತೆ, ಮಡಿಲಿಂದ ನಿಧಾನವಾಗಿ ಮೇಲೆದ್ದಿತು. ನಾಲ್ಕು ಬೆರಳು ಒಳಕ್ಕೆ ಮಡಚಿದವು. ಇನ್ನೊಮ್ಮೆ ಮಡಚಿದವು. ಕೈ ಮತ್ತೆ ಮಡಿಲಿಗೆ ಬಿತ್ತು.

"ಬಾ ಅಂತಿದ್ದಾಳೆ ಕಣೇ," ಎಂದ ಗಂಡ.

"ಗೊತ್ತಾಯ್ತು ಕಣ್ರೀ," ಎಂದಳು ಅಕ್ಕ.