ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆವು?

"ಇದು ನಮ್ದಲ್ಲ ರೆಯ್ನೇರಿಯೊ, ಬೇರೆ ಯಾರದ್ದೋ ಕೊಟ್ಟಿದ್ದೀಯ ನೋಡು," ಎಂದಳು ಬೆಲ್ಕಿಸ್, ಮನೆಯ ಟಿವಿಗೆ ಸಿಕ್ಕಿಸಿ ನೋಡಿ ಮರಳಿ ಬಂದು.

ರೆಯ್ನೇರಿಯೊ ಕಿಟಕಿಯ ಸರಳುಗಳ ಆಚೆಯಿಂದಲೇ ಪೆನ್‌ಡ್ರೈವನ್ನು ತಿರುಗಿಸಿ ತೋರಿಸಿದ. ಅದರ ತುದಿಗೆ ಕೆಂಪು ನೂಲಿನ ಗಂಟಿತ್ತು. ಕಾರ್ಖಾನೆಯಲ್ಲಿ ಚುಟ್ಟದ ಕಟ್ಟುಗಳಿಗೆ ಸುತ್ತುವ ನೂಲು ಅದು, ಗುರುತಿಗೆಂದು ಅವಳೇ ಕಟ್ಟಿದ್ದಳು.

"ನಿಮ್ದೇ ಅಕ್ಕ. ನಿನ್ನೆ ನೀವು ಕೊಟ್ಟು ಹೋದಾಗ ವೈರಸ್ ಬಂದಿತ್ತು. ಪ್ರತಿ ಫೋಲ್ಡರ್ ಮೇಲೂ ಒಂದೊಂದು ಬಾಣ ಬಂದು ಕೂತಿತ್ತು, ಒತ್ತಿದ್ರೆ ಏನೂ ತೆರೀತಿರ್ಲಿಲ್ಲ. ಫಾರ್ಮ್ಯಾಟ್ ಹೊಡೆದು ಹೊಸ ವಾರದ್ದು ತುಂಬ್ಸಿದೀನಿ. ಕರೆಂಟ್ ಹೋಗಿ ಕೊನೇದೊಂದಿಷ್ಟು ಉಳೀತು, ಅದನ್ನ ಸಂಜೆ ಹಾಕ್ಕೊಡ್ತೀನಿ."

"ಅಪ್ಪನ ಫೋಲ್ಡರ್?"

"ಯಾವ ಫೋಲ್ಡರ್ ಅಕ್ಕ?"

ಬೆಲ್ಕಿಸ್ ಸರಳುಗಳ ನಡುವೆ ಕೈ ತೂರಿಸಿ ಪೆನ್‌ಡ್ರೈವನ್ನು ಕಿತ್ತುಕೊಂಡಳು.

ರೆಯ್ನೇರಿಯೊನನ್ನು ಬೈದರೆ ಬಾಯಿ ನೋಯುತ್ತದೆ ಅಷ್ಟೆ, ನ್ಯಾಯ ಸಿಗುವುದಿಲ್ಲ. ಕಬೈಗ್ವಾನ್ ಎಂಬ ಆ ಸಣ್ಣ ಊರಿನಲ್ಲಿ ಇಂಟರ್ನೆಟ್ಟು ದೊಡ್ಡಮನೆಯ ನೆಂಟನಿದ್ದಂತೆ, ಬಂದರೆ ಬಂತು, ಬಂದರೂ ಕೂರುವುದಿಲ್ಲ. ಸೀರಿಯಲ್ಲು, ಸಿನಿಮಾ, ಹಾಡು, ಬೇಸ್‌ಬಾಲ್ ಪಂದ್ಯ ಎಲ್ಲವೂ ವಾರಕ್ಕೊಮ್ಮೆ ರಾಜಧಾನಿ ಹವಾನಾದಿಂದ ಡಿಸ್ಕಿನಲ್ಲಿ ಬಸ್ಸು ಹತ್ತಿ ಬರುತ್ತವೆ. ಊರವರು ಅದನ್ನು ಪೊಟ್ಟಣ ಎನ್ನುತ್ತಾರೆ. ರೆಯ್ನೇರಿಯೊನ ಕಿಟಕಿಯಲ್ಲಿ ಪೆನ್‌ಡ್ರೈವ್ ಕೊಟ್ಟು ಕೆಲಸಕ್ಕೆ ಹೋದರೆ ಮಾರನೆಯ ದಿನ ತುಂಬಿರುತ್ತದೆ. ವೈರಸ್ ಬಂದಿದ್ದರೆ ಅವನು ಯಾರನ್ನೂ ಕೇಳುವುದಿಲ್ಲ, ಒರೆಸಿ ಹಾಕಿ ಹೊಸದಾಗಿ ತುಂಬಿಸುತ್ತಾನೆ. ಹೋದದ್ದು ಮುಂದಿನ ವಾರದ ಬಸ್ಸಿನಲ್ಲಿ ಮತ್ತೆ ಬರುತ್ತದಲ್ಲ! ಇಷ್ಟು ವರ್ಷಗಳಲ್ಲಿ ಯಾರೂ ಅವನಿಗೆ 'ಯಾಕೆ ಒರೆಸಿದೆ' ಎಂದವರಿಲ್ಲ. ಬೆಲ್ಕಿಸ್ ಕೂಡ ಹೀಗೆ ಎಷ್ಟೋ ಸಲ ಒರೆಸಿಸಿಕೊಂಡು ಥ್ಯಾಂಕ್ಸ್ ಹೇಳಿ ಹೋದವಳೇ.

ಆದರೆ ಅವಳ ಅಪ್ಪನ ದನಿ ಬಸ್ಸಿನಲ್ಲಿ ಬರುವಂಥದ್ದಲ್ಲ.

ಅಪ್ಪ ಎವೆಲಿಯೊ ಚುಟ್ಟದ ಕಾರ್ಖಾನೆಯ ಓದುಗಾರ, ಊರವರ ಬಾಯಲ್ಲಿ ಮೇಷ್ಟ್ರು. ಸಭಾಂಗಣದ ಸಾಲುಸಾಲು ಮೇಜುಗಳ ಮುಂದೆ ಕೂತು ಜನ ಎಲೆ ಸುತ್ತುತ್ತಿದ್ದರೆ, ಅವನು ಕಟ್ಟೆಯ ಮೇಲೆ ಕೂತು ಬೆಳಿಗ್ಗೆ ಪತ್ರಿಕೆ ಓದುತ್ತಿದ್ದ, ಮಧ್ಯಾಹ್ನ ಕಾದಂಬರಿ. ಯಾವ ಕಾದಂಬರಿ ಎಂದು ಕೆಲಸಗಾರರೇ ಕೈ ಎತ್ತಿ ಆರಿಸಬೇಕು. ಓದು ಹಿಡಿಸಿದರೆ ಅವರು ಎಲೆ ಕತ್ತರಿಸುವ ಚೂರಿಯ ಬೆನ್ನಿನಿಂದ ಹಲಗೆಯನ್ನು ಬಡಿಯುತ್ತಾರೆ. ಹಿಡಿಸದಿದ್ದರೆ ಚೂರಿಯನ್ನು ನೆಲಕ್ಕೆ ಬಿಸಾಡುತ್ತಾರೆ. ಮೂವತ್ತು ವರ್ಷದಲ್ಲಿ ಎವೆಲಿಯೊನ ಎದುರು ನೆಲಕ್ಕೆ ಬಿದ್ದ ಚೂರಿಯಿಲ್ಲ. ಅವನ ನಂತರ ಆ ಕಟ್ಟೆ ಹತ್ತಲು ಬಂದ ಇಬ್ಬರು ಮಾತ್ರ ಆ ಸದ್ದು ಕೇಳಿ ಇಳಿದು ಹೋಗಿದ್ದರು. ಅದೇ ಸಭಾಂಗಣದ ಮೂರನೆಯ ಸಾಲಿನಲ್ಲಿ ಚುಟ್ಟ ಸುತ್ತುವ ಬೆಲ್ಕಿಸ್‌ಳನ್ನು ಅಪ್ಪ ಎಷ್ಟು ಸಲ ಕರೆದಿದ್ದ, 'ಒಂದು ದಿನ ಓದಿ ನೋಡೇ' ಎಂದು! ಅವಳು ಕೈ ಮುಗಿದು ತಪ್ಪಿಸಿಕೊಂಡಿದ್ದಳು.

ಗಂಟಲಲ್ಲಿ ಕ್ಯಾನ್ಸರ್ ಎಂದು ಗೊತ್ತಾದಾಗ ಜೈಲು ಸೇರಿದ ಉಪ್ಪಿನ ವ್ಯಾಪಾರಿಯ ಹೆಂಡತಿಯ ಕಥೆ ಹೇಳುವ ಕಾದಂಬರಿ ಅರ್ಧಕ್ಕೆ ಬಂದಿತ್ತು. ಆಪರೇಷನ್ ಆದರೆ ದನಿ ಹೋಗುತ್ತದೆ, ಆಗದಿದ್ದರೆ ಜೀವ ಹೋಗುತ್ತದೆ ಎಂದರು ಡಾಕ್ಟರು. "ಜನಾನ ನಡುದಾರೀಲಿ ಬಿಟ್ಟು ಹೋಗೋ ಓದುಗಾರ ನಾನಲ್ಲ ಕಣೇ," ಎಂದ ಎವೆಲಿಯೊ ಸಂಜೆ ಸಂಜೆ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಕರ್ಕಶವಾಗುತ್ತಿದ್ದ ಗಂಟಲಲ್ಲಿ, ಉಳಿದ ಅಧ್ಯಾಯಗಳನ್ನೆಲ್ಲ ಮಗಳ ಫೋನಿಗೆ ಓದಿ ಮುಗಿಸಿದ. ಅವಳ ಫೋನು ಬಡವರ ಮನೆಯ ಕಪಾಟು, ಒಂದು ಇಟ್ಟರೆ ಇನ್ನೊಂದು ಹೊರಗೆ. ಹಾಗಾಗಿ ಪ್ರತಿ ಅಧ್ಯಾಯವನ್ನೂ ಪೆನ್‌ಡ್ರೈವಿಗೆ ಸಾಗಿಸಿ ಫೋನಿನಿಂದ ಅಳಿಸುತ್ತ ಬಂದಳು. ಈಗ ಎವೆಲಿಯೊನ ಕೊರಳಲ್ಲಿ ಒಂದು ತೂತು, ಅದರ ಮೇಲೊಂದು ಬಿಳಿ ಬಟ್ಟೆ. ಬರುವ ಸೋಮವಾರ ಸಭಾಂಗಣದ ಧ್ವನಿವರ್ಧಕದಲ್ಲಿ ಅವನ ಓದು ಮತ್ತೆ ಶುರುವಾಗಬೇಕಿತ್ತು.

ಕಳೆದ ವಾರ ಪಕ್ಕದ ಮನೆಯ ಹೊಸೆಫಾ "ಟರ್ಕಿ ಸೀರಿಯಲ್ ಹಾಕ್ಕೊಂಡು ಕೊಡ್ತೀನಿ ಕಣೇ" ಎಂದು ಪೆನ್‌ಡ್ರೈವ್ ಕೇಳಿದ್ದಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಆ ಬೀದಿಯಲ್ಲಿ ಕೇಳಿದ ಪೆನ್‌ಡ್ರೈವ್ ಕೊಡದಿರುವುದೆಂದರೆ ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳಿಸಿದಂತೆ. ಬಾಣಗಳು ಬಂದದ್ದು ಅಲ್ಲಿಂದಲೇ.

ಬೆಲ್ಕಿಸ್ ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ಊರಿನ ಕಂಪ್ಯೂಟರ್ ಕ್ಲಬ್ಬಿಗೆ ಓಡಿದಳು. ಅಲ್ಲಿ ಪಾಠ ಹೇಳುವ ಯೊಲೈದಾ ಬೀಗ ಹಾಕಿ ಊಟಕ್ಕೆ ಹೊರಟಿದ್ದಳು. ಬೆಲ್ಕಿಸ್‌ಳ ಮುಖ ನೋಡಿ ಬೀಗ ತೆಗೆದಳು.

"ವೈರಸ್ ಬಂದು ಅಪ್ಪನ ಓದನ್ನೆಲ್ಲ ತಿಂದುಬಿಟ್ಟಿದೆ ಟೀಚರ್. ಹೇಗಾದ್ರೂ ಮಾಡಿ ತೆಗ್ದುಕೊಡಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಕಾಲಿಗೆ ಆಮೇಲೆ ಬೀಳು, ಮೊದ್ಲು ಕೂತ್ಕೋ. ಈ ಊರಲ್ಲಿ ಎಲ್ಲದಕ್ಕೂ ವೈರಸ್ ಅನ್ನೋದೊಂದು ಚಟ. ಹೊಟ್ಟೆನೋವಿಗೂ ಹಲ್ಲುನೋವಿಗೂ ಒಂದೇ ಮಾತ್ರೆ ತಗೊತೀಯಾ? ಏನು ಕಾಣ್ತು ಅದನ್ನ ಹೇಳು. ದುಡ್ಡು ಕೊಡು, ಇಲ್ಲಾಂದ್ರೆ ಬೀಗ ತೆಗೆಯಲ್ಲ ಅಂತೇನಾದ್ರೂ ಬರಹ ಬಂತಾ?"

"ಇಲ್ಲ."

"ಪುಣ್ಯ. ಆ ಜಾತಿಯದು ಬಂದಿದ್ರೆ ನಾನೂ ಕೈ ಎತ್ತಿಬಿಡ್ತಿದ್ದೆ. ಹೊಸ ಆಟನೋ ಸಿನಿಮಾನೋ ಅಂದ್ಕೊಂಡು ಯಾವುದನ್ನಾದ್ರೂ ಒತ್ತಿದ್ಯಾ? ಟ್ರೋಜನ್ ಅನ್ನೋದು ಹಾಗೇ ಬರೋದು, ನೆಂಟನ ವೇಷ ಹಾಕ್ಕೊಂಡು. ಬಾಗಿಲು ತೆಗ್ಯೋರು ನಾವೇ."

"ಯಾವ್ದೂ ಒತ್ತಲಿಲ್ಲ ಟೀಚರ್. ಫೋಲ್ಡರ್ ಮೇಲೆಲ್ಲ ಸಣ್ಣ ಬಾಣ ಇತ್ತಂತೆ, ಅಷ್ಟೆ. ನಂದು ಯಾವ ಜಾತಿದು ಅಂತ ಹೇಳಿ, ನಿಮ್ಮ ದಮ್ಮಯ್ಯ."

ಬಾಣ ಎಂದದ್ದೇ ಯೊಲೈದಾಳ ಮುಖ ಅರಳಿತು. "ಅಯ್ಯೋ, ಇದಕ್ಕಾ ಇಷ್ಟು ಅಳು! ಅದು ಹುಳು, ವರ್ಮ್ ಅಂತಾರಲ್ಲ ಅದು. ವೈರಸ್ ಆದ್ರೆ ಒಂದು ಫೈಲಿಗೆ ಅಂಟ್ಕೊಂಡು ಕೂರತ್ತೆ, ಆ ಫೈಲ್ ತೆರೆಯೋವರೆಗೂ ಅಲ್ಲಾಡಲ್ಲ. ಹುಳುವಿಗೆ ಕಾಲಿದೆ. ಪೆನ್‌ಡ್ರೈವಿಂದ ಕಂಪ್ಯೂಟರಿಗೆ, ಅಲ್ಲಿಂದ ಮುಂದಿನವರ ಪೆನ್‌ಡ್ರೈವಿಗೆ ತಾನೇ ನಡ್ಕೊಂಡು ಹೋಗತ್ತೆ. ಇದಂತೂ ಬಡಪಾಯಿ ಹುಳು, ಏನನ್ನೂ ತಿನ್ನಲ್ಲ. ನಿನ್ನ ಫೋಲ್ಡರನ್ನ ಕಣ್ಣಿಗೆ ಕಾಣದ ಹಾಗೆ ಮಾಡಿ, ಅದರ ಜಾಗದಲ್ಲಿ ಅದರದ್ದೇ ಹೆಸರಿನ ಬೋರ್ಡ್ ನೆಡತ್ತೆ. ಮೇಷ್ಟ್ರ ದನಿ ಒಂದಕ್ಷರ ಹಾಳಾಗದೆ ಆ ಬೋರ್ಡಿನ ಹಿಂದೇನೇ ಇರತ್ತೆ. ಕಂಪ್ಯೂಟರಲ್ಲಿ ಒಂದು ಸಾಲು ಬರೆದ್ರೆ ಎಲ್ಲ ಹೊರಗೆ ಬರತ್ತೆ, ಕೊಡಿಲ್ಲಿ."

ಬೆಲ್ಕಿಸ್ ಪೆನ್‌ಡ್ರೈವ್ ಕೊಡಲಿಲ್ಲ. ಮುಷ್ಟಿ ಇನ್ನೂ ಬಿಗಿಯಾಯಿತು.

"ರೆಯ್ನೇರಿಯೊ ಫಾರ್ಮ್ಯಾಟ್ ಮಾಡ್ಬಿಟ್ಟ," ಎಂದಳು.

"ಮಾಡಿ ಸುಮ್ನೆ ಬಿಟ್ನಾ, ಮೇಲೆ ಏನಾದ್ರೂ ತುಂಬಿದ್ನಾ?"

"ತುಂಬಿದಾನೆ."

ಯೊಲೈದಾ ಕುರ್ಚಿ ಎಳೆದು ಕೂತಳು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಪ್ರಯೋಜನ? ಒರೆಸಿದ್ದು ಒರೆಸಿದ ಮಾತ್ರಕ್ಕೆ ಹೋಗುವುದಿಲ್ಲ, ಅದರ ಮೇಲೆ ಇನ್ನೊಂದನ್ನು ಬರೆದರೆ ಮಾತ್ರ ನಿಜವಾಗಿ ಹೋಗುತ್ತದೆ. ಇದನ್ನು ಅವಳು ಮೆಲ್ಲಗೆ ಹೇಳುತ್ತಿದ್ದಾಗ ಬೆಲ್ಕಿಸ್‌ಗೆ, ಬೀಗ ಜಡಿದು ದುಡ್ಡು ಕೇಳುವ ಆ ದೊಡ್ಡ ಕಳ್ಳನೇ ಬರಬಾರದಿತ್ತೇ ಅನ್ನಿಸಿತು. ಆಗ ಶಾಪ ಹಾಕಲು ಒಬ್ಬನಾದರೂ ಇರುತ್ತಿದ್ದ. ಈಗ ಇರುವವರು ಯಾರು? ಒಳ್ಳೆಯದು ಮಾಡಲು ಹೋದ ರೆಯ್ನೇರಿಯೊ, ಸೀರಿಯಲ್ಲಿನ ಆಸೆಗೆ ಬಿದ್ದ ಹೊಸೆಫಾ, ಮತ್ತೆ ತಾನು. ಅಪ್ಪನ ದನಿಯನ್ನು ಸಕ್ಕರೆ ಸಾಲ ಕೊಟ್ಟ ಹಾಗೆ ಬೀದಿಗೆ ಕೊಟ್ಟವಳು ತಾನು.

"ಪೂರ್ತಿ ತುಂಬಿಲ್ಲ ಟೀಚರ್," ಎಂದಳು ಥಟ್ಟನೆ. "ಮಧ್ಯದಲ್ಲಿ ಕರೆಂಟ್ ಹೋಯ್ತಂತೆ."

"ಹೌದಾ? ಈ ಊರಲ್ಲಿ ಕರೆಂಟ್ ಹೋಗಿದ್ದಕ್ಕೆ ದೇವರಿಗೆ ಕೈ ಮುಗಿಯೋಳು ನಾನೊಬ್ಬಳೇ ಇರಬೇಕು. ಕೊಡು, ಬೇಗ ಕೊಡು. ಇಲ್ಲೂ ಇನ್ನೇನು ಹೋಗೋ ಹೊತ್ತು."

ಯೊಲೈದಾ ಹುಡುಕುವ ಪ್ರೋಗ್ರಾಮ್ ಹಾಕಿದಳು. ಪರದೆಯ ಮೇಲೆ ಹಸಿರು ಪಟ್ಟಿ ತೆವಳತೊಡಗಿತು. ಸಿಕ್ಕಿದ್ದು ಬರೀ ಹಳೆಯ ವಾರಗಳ ಕಸ: ಯಾವುದೋ ಹಾಡಿನ ಬಾಲ, ಯಾವುದೋ ಮದುವೆಯ ಅರ್ಧ ಫೋಟೊ. ಬೆಲ್ಕಿಸ್ ಫ್ಯಾನಿನ ಕಡೆ ನೋಡುತ್ತ ಇನ್ನೊಂದಿಷ್ಟು ಹೊತ್ತು ತಿರುಗು ತಾಯಿ, ಇನ್ನೊಂದಿಷ್ಟು ಹೊತ್ತು ಎಂದು ಬೇಡಿಕೊಂಡಳು. ಫ್ಯಾನು ನಿಧಾನವಾಗುವ ಮೊದಲು ಒಂದೇ ಒಂದು ಧ್ವನಿ ಫೈಲು ಸಿಕ್ಕಿತು.

"ತಲೆ ಸಿಕ್ಕಿದೆ, ಮೈ ಇಲ್ಲ," ಎಂದಳು ಯೊಲೈದಾ, ಕರೆಂಟು ಹೋಗುವಷ್ಟರಲ್ಲಿ ಅದನ್ನು ಬೆಲ್ಕಿಸ್‌ಳ ಫೋನಿಗೆ ಹಾಕಿ.

ಬೆಲ್ಕಿಸ್ ಫೋನನ್ನು ಕಿವಿಗೆ ಹಚ್ಚಿಕೊಂಡಳು. ಗ್ಲಾಸು ಇಟ್ಟ ಸದ್ದು, ಒಂದು ಕೆಮ್ಮು, ಹಾಳೆ ಮಗುಚಿದ್ದು. ಆಮೇಲೆ ಅಪ್ಪ, ದಿನವೂ ಓದಿಗೆ ಮೊದಲು ಕೇಳುತ್ತಿದ್ದ ಅದೇ ಪ್ರಶ್ನೆ. 'ನಮಸ್ಕಾರ ಗೆಳೆಯರೇ. ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆವು?' ಮುಂದೆ ಬರೀ ಕರಕರ. ಕರೆಂಟು ಹೋದ ಕ್ಲಬ್ಬಿನಲ್ಲಿ ಬೆಲ್ಕಿಸ್ ಬಿಕ್ಕಿ ಬಿಕ್ಕಿ ಅತ್ತಳು.

ಭಾನುವಾರವೆಲ್ಲ ರೆಯ್ನೇರಿಯೊ, ವಿಷಯ ಬಾಯಿಬಿಡದೆ, ಹುಳು ತೆಗೆಯುವ ನೆಪದಲ್ಲಿ ಮನೆಮನೆಯ ಬಾಗಿಲು ತಟ್ಟಿದ. ಹೊಸೆಫಾ ಕೂಡ ಮಂಡಿನೋವು ಮರೆತು ಅವನ ಹಿಂದೆ ಅಲೆದಳು. ಏನು ಸಿಕ್ಕರೂ ನಕಲು ಮಾಡಿಟ್ಟುಕೊಳ್ಳುವ ಊರಲ್ಲವೇ, ಯಾರಾದರೂ ಮೇಷ್ಟ್ರ ಫೋಲ್ಡರನ್ನೂ ಮಾಡಿಕೊಂಡಿದ್ದರೆ? ಟರ್ಕಿಯ ಸೀರಿಯಲ್ಲು ನೂರು ಮನೆಯಲ್ಲಿತ್ತು. ಎವೆಲಿಯೊ ಒಂದು ಮನೆಯಲ್ಲೂ ಇರಲಿಲ್ಲ.

"ಮೇಷ್ಟ್ರ ಫೋಲ್ಡರ್ ಕಣ್ಣಿಗೆ ಬಿದ್ದಿತ್ತು ಕಣೇ," ಎಂದು ಹೊಸೆಫಾ ಬೆಲ್ಕಿಸ್‌ಳ ಬಾಗಿಲಲ್ಲಿ ನಿಂತು ಬಾಯಿಗೆ ಅಂಗೈ ಒತ್ತಿಕೊಂಡಳು. "ಹೇಗೂ ಸೋಮವಾರ ಎಲ್ಲರ ಜೊತೆ ಕೂತು ಕೇಳೋದಲ್ವಾ, ಮೊದ್ಲೇ ಕದ್ದು ಕೇಳಬಾರ್ದು ಅಂತ ಮುಟ್ಟಲಿಲ್ಲ."

ರೆಯ್ನೇರಿಯೊ ಹೊಸಿಲು ದಾಟಲಿಲ್ಲ. "ಅಕ್ಕ, ಒಂದೇಟು ಹೊಡೆದುಬಿಡಿ," ಎಂದ. ಬೆಲ್ಕಿಸ್ ತಿರುಗಿ ಒಳಗೆ ಹೋದಳು.

ಒಳಗೆ ಎವೆಲಿಯೊ ಬಿಳಿ ಅಂಗಿಗೆ ತಾನೇ ಇಸ್ತ್ರಿ ಹಾಕುತ್ತಿದ್ದ. ಮಗಳನ್ನು ಕಂಡು ಹುಬ್ಬು ಹಾರಿಸಿ, ಬೆರಳಲ್ಲಿ ಗುಂಡಿ ಒತ್ತುವಂತೆ ಮಾಡಿ ತೋರಿಸಿದ: ಎಲ್ಲ ಸರಿಯಾಗಿದೆ ತಾನೇ? ಹೇಳಿಬಿಡಬೇಕೆಂದೇ ಬಂದಿದ್ದಳು. 'ಅಪ್ಪ' ಎಂದಳು. ಅವನು ಕಾದು ನಿಂತ. ಆಸ್ಪತ್ರೆಯಿಂದ ಬಂದ ಮೇಲೆ ಅವನ ಮುಖದಲ್ಲಿ ಗೆಲುವು ಕಂಡದ್ದು ಇದೇ ಮೊದಲು. ಬೆಲ್ಕಿಸ್ ಹೌದೆಂದು ತಲೆಯಾಡಿಸಿದಳು.

ಸೋಮವಾರ ಮಧ್ಯಾಹ್ನ ಸಭಾಂಗಣದಲ್ಲಿ ಒಬ್ಬರೂ ಎಲೆ ಮುಟ್ಟಿರಲಿಲ್ಲ. ಎವೆಲಿಯೊ ಒಳಗೆ ಬಂದದ್ದೇ ಚೂರಿಗಳೆಲ್ಲ ಒಟ್ಟಿಗೆ ಹಲಗೆ ಬಡಿದವು. ಅವನು ಕಟ್ಟೆ ಹತ್ತಿ ತನ್ನ ಕುರ್ಚಿಯಲ್ಲಿ ಕೂತು, ಅಭ್ಯಾಸಬಲದಿಂದ ಪುಸ್ತಕ ಬಿಡಿಸಿಟ್ಟುಕೊಂಡ. ಯಾರೋ ಯಾವತ್ತಿನಂತೆ ಗ್ಲಾಸಿನಲ್ಲಿ ನೀರು ತಂದಿಟ್ಟರು. ಬೆಲ್ಕಿಸ್ ಫೋನನ್ನು ಧ್ವನಿವರ್ಧಕದ ತಂತಿಗೆ ಸಿಕ್ಕಿಸಿದಳು. ಇದೊಂದು ವಾಕ್ಯ ಕೇಳಿಸಿ, ಆಮೇಲೆ ಎಲ್ಲರೆದುರು ನಿಜ ಹೇಳಿ, ಬೇಕಾದರೆ ಅಲ್ಲೇ ನೆಲದ ಮೇಲೆ ಬಿದ್ದುಬಿಡುವುದು ಎಂದಷ್ಟೇ ಅವಳ ತಲೆಯಲ್ಲಿತ್ತು.

ಕೆಮ್ಮು. ಹಾಳೆಯ ಸದ್ದು. "ನಮಸ್ಕಾರ ಗೆಳೆಯರೇ. ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆವು?"

ಎವೆಲಿಯೊನ ಕೈ ಕೊರಳ ಬಟ್ಟೆಗೆ ಹೋಯಿತು.

"ಜೈಲಿನ ಬಾಗಿಲಲ್ಲಿ ಮೇಷ್ಟ್ರೇ!" ಹಿಂದಿನ ಸಾಲಿನಿಂದ ಮುದುಕಿ ತೋಮಸಾ ಕೂಗಿದಳು, ಮೂವತ್ತು ವರ್ಷ ಕೂಗಿದ ಹಾಗೆಯೇ.

"ಕಾವಲಿನವ್ನು ಹೆಸರು ಕೇಳಿದಾನೆ! ಅವಳಿನ್ನೂ ಹೇಳಿಲ್ಲ!" ಎಂದ ಇನ್ನೊಬ್ಬ.

"ಹೆಸರು ಹೇಳಿದ್ರೆ ಹಿಡೀತಾರೆ, ಹೇಳ್ದಿದ್ರೆ ಗಂಡನ್ನ ನೋಡೋಕಾಗಲ್ಲ. ಓದಿ ಮೇಷ್ಟ್ರೇ, ಎರಡು ತಿಂಗಳಿಂದ ನಿದ್ದೆಯಿಲ್ಲ ನಂಗೆ!"

ಎಲ್ಲರೂ ನಕ್ಕರು. ನಗು ನಿಂತಿತು. ಧ್ವನಿವರ್ಧಕದಲ್ಲಿ ಕರಕರ ಎನ್ನುತ್ತಿತ್ತು, ಆಮೇಲೆ ಅದೂ ನಿಂತಿತು. ಜನ ಕಾದರು. ಬೆಲ್ಕಿಸ್ ಬಾಯಿ ತೆರೆದಳು. "ಅಷ್ಟೇ ಇರೋದು," ಎಂದಳು. "ಉಳಿದದ್ದೆಲ್ಲ ಹೋಯ್ತು. ನಾನೇ ಕಳೆದೆ ಅಪ್ಪ."

ಎವೆಲಿಯೊ ಮಗಳನ್ನು ನೋಡಿದ. ಅಡುಗೆಮನೆಯ ಅಷ್ಟೂ ಸಂಜೆಗಳು ಆ ನೋಟದಲ್ಲಿ ಒಂದೊಂದಾಗಿ ಆರಿದ್ದು ಅವಳಿಗೆ ಕಂಡಿತು. ಅವನ ತುಟಿ ಅಲುಗಿತು, ಕೊರಳ ಬಟ್ಟೆ ಒಮ್ಮೆ ಉಬ್ಬಿ ಇಳಿಯಿತು. ಸಭಾಂಗಣದಲ್ಲಿ ಯಾರ ಚೂರಿಯೂ ಹಲಗೆ ಬಡಿಯಲಿಲ್ಲ, ನೆಲಕ್ಕೂ ಬೀಳಲಿಲ್ಲ.

ಅವನು ಎದ್ದ. ಕುರ್ಚಿಯ ಪಕ್ಕಕ್ಕೆ ಸರಿದು, ಪುಸ್ತಕವನ್ನು ಅವಳ ಕಡೆ ತಿರುಗಿಸಿ, ಜೈಲಿನ ಬಾಗಿಲಿನ ಆ ಸಾಲಿನ ಕೆಳಗೆ ಬೆರಳಿಟ್ಟು ಹಿಡಿದ. ಬೆರಳು ಸಾಲು ಬಿಟ್ಟು ಸರಿಯಲಿಲ್ಲ.

ಬೆಲ್ಕಿಸ್ ಕಟ್ಟೆ ಹತ್ತಿದಳು. ಅವನ ಗ್ಲಾಸನ್ನು ಎತ್ತಿ ಒಂದು ಗುಟುಕು ನೀರು ಕುಡಿದಳು.