ಐದನೆಯ ಮಾತು

ಹೆಸರು ಹೇಳದೆ ಈ ಸಂಗತಿ ಹೇಳುವುದು ಹೇಗೆ? ಹೆಸರನ್ನು ನುಂಗಿಕೊಂಡರೆ ಅದು ಅರ್ಧ ಸತ್ಯ. ಶಿಲುಬೆಯ ಮುಂದೆ ನಿಂತು ಅರ್ಧ ಸತ್ಯ ಹೇಳಬಹುದೇ? ಹೆಸರು ಹೇಳಿಬಿಟ್ಟರೆ, ವಿಶಾಖಪಟ್ಟಣದಿಂದ ರೈಲು ಹತ್ತಿ ಬಂದು ಒಳಕೋಣೆಯಲ್ಲಿ ಮಂಡಿಯೂರಿ ಕೂತಿರುವ ಆ ಹಿರಿಯ ಜೀವ ತಾಳಿಕೊಂಡೀತೇ? ಏನೂ ಹೇಳದೆ ಸುಮ್ಮನಿದ್ದರೆ ಮಣಿಕಂಠ ಉಳಿದಾನೇ?

ಅನಿಲ್‌ಕುಮಾರ್ ಚಹಾದ ಲೋಟ ಹಿಡಿದು ವಿಜಯವಾಡದ ಪಟಮಟದ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಕೂತು ಬಹಳ ಹೊತ್ತಾಗಿತ್ತು. 2019ರ ಶುಭ ಶುಕ್ರವಾರ. ರಜೆಯ ಬೆಳಗು, ಕೆಳಗೆ ಖಾಲಿ ಸಿಟಿ ಬಸ್ಸೊಂದು ಯಾರಿಗೂ ಕಾಯದೆ ಹೋಯಿತು.

“ಚಹಾ ಆರಿ ಹೋತು ನೋಡ್ರಿ,” ಹೆಂಡತಿ ಕಮಲಾಕ್ಷಿ ಬಾಗಿಲಲ್ಲಿ ನಿಂತು ಹೇಳಿದಳು. “ಬಿಸಿ ಇದ್ದಾಗ ಊದಾಕ ಬರೂದಿಲ್ಲ ಅಂತೀರಿ, ಆರಿದ ಮ್ಯಾಲ ರುಚಿ ಇಲ್ಲ ಅಂತೀರಿ. ನಿಮ್ಮ ಸಲುವಾಗಿ ಬೆಚ್ಚಗಿನ ಚಹಾ ಬಿಡೂ ಗಿಡಾನ ಹುಡುಕಬೇಕು.”

ಅನಿಲ್ ನಕ್ಕ. ಅವನ ನಗುವಿಗೆ ಸದ್ದಿರಲಿಲ್ಲ. ವಿಶಾಖಪಟ್ಟಣದ ಆಸ್ಪತ್ರೆಯೊಂದರಲ್ಲಿ ಮೂರು ವರ್ಷದ ಹಿಂದೆ ಅವನ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದಿದ್ದರು. ಗಂಟಲ ಕ್ಯಾನ್ಸರ್. ಅಂದಿನಿಂದ ಅವನ ಉಸಿರು ಬಾಯಿಂದಲ್ಲ, ಕುತ್ತಿಗೆಯ ಬುಡದಲ್ಲಿ ಕೊರೆದ ತೂತಿನಿಂದ ಆಡುತ್ತಿತ್ತು. ಅದರ ಮೇಲೊಂದು ಬಿಳಿ ಬಟ್ಟೆ. ಚಹಾ ಊದುವಂತಿಲ್ಲ, ದೀಪ ಆರಿಸುವಂತಿಲ್ಲ, ಸಿಳ್ಳೆ ಹಾಕುವಂತಿಲ್ಲ. ಮಾತು ಮಾತ್ರ ಇತ್ತು, ಅದೂ ಕಲಿತು ಗಳಿಸಿದ್ದು. ಗಾಳಿಯನ್ನು ಅನ್ನದಂತೆ ನುಂಗಿ, ತೇಗಿನಂತೆ ಮೇಲಕ್ಕೆ ತಂದು, ಆ ತೇಗಿಗೆ ತುಟಿ ನಾಲಿಗೆಗಳಿಂದ ಆಕಾರ ಕೊಡಬೇಕು. ಒಂದು ಗುಟುಕು ಗಾಳಿಗೆ ಎರಡು ಮೂರು ಪದ. ಬಾವಿಯ ತಳದಿಂದ ಬಂದಂತಹ ಒರಟು ಸ್ವರ.

ವಿಜಯವಾಡಕ್ಕೆ ವರ್ಗದ ಆದೇಶ ಬಂದಾಗ ಮಗಳು ಸ್ನೇಹಲತಾ ಕುಣಿದಾಡಿದ್ದಳು. “ಪಪ್ಪಾ, ಪಟಮಟ ಅನ್ನೂದು ನಿಮಗ ಭಾಳ ಈಜಿ. ಬರೇ ಪ, ಮ, ಟ. ನಿಮಗ ಮಾತು ಕಲಿಸೂ ಟೀಚರ್ ಮೇಡಂ ಹೋಮ್‌ವರ್ಕ್ ಕೊಟ್ಟಂಗ ಉಂದಿ.” ಅವಳ ಕನ್ನಡದಲ್ಲಿ ತೆಲುಗು ನುಸುಳುವುದನ್ನು ತಿದ್ದುವುದನ್ನು ಅನಿಲ್ ಎಂದೋ ಬಿಟ್ಟಿದ್ದ.

ಒಂದು ಕಾಲಕ್ಕೆ ಅವನು ಹಾಡುಗಾರ. ಗದಗ-ಬೆಟಗೇರಿಯ ಚರ್ಚಿನಲ್ಲಿ ಅಪ್ಪನ ಹಾರ್ಮೋನಿಯಂ ಪಕ್ಕ ನಿಂತು ಬೆಳೆದವನು. ಬ್ಯಾಂಕಿನ ಕೆಲಸದ ಮೇಲೆ ವಿಶಾಖಪಟ್ಟಣಕ್ಕೆ ಬಂದು ಪೆಂಡುರ್ತಿಯಲ್ಲಿ ಮನೆ ಹಿಡಿದಾಗಲೂ ಅವನನ್ನು ಜನರ ಹತ್ತಿರ ತಂದದ್ದು ಹಾಡೇ. ಬೀದಿಯ ಪ್ರಾರ್ಥನಾಕೂಟದಲ್ಲಿ ಅವನು ಕನ್ನಡದಲ್ಲಿ ಹಾಡಿದರೆ, ಅರ್ಥವಾಗದಿದ್ದರೂ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಆ ಕೂಟದ ಹಿರಿಯರು ಸುವಾರ್ತಮ್ಮ, ನಿವೃತ್ತ ದಾದಿ. 2014ರ ಹುದ್‌ಹುದ್ ಚಂಡಮಾರುತ ಊರನ್ನು ಬುಡಮೇಲು ಮಾಡಿದಾಗ, ತಮ್ಮ ಮನೆಯ ತಗಡು ಹಾರಿಹೋಗಿದ್ದರೂ ಇಡೀ ಬೀದಿಗೆ ಗಂಜಿ ಕಾಯಿಸಿ ಹಂಚಿದವರು. ಕಮಲಾಕ್ಷಿಗೆ ತಾಯಿಯಂತೆ, ಸ್ನೇಹಲತಾಗೆ ಅಜ್ಜಿಯಂತೆ ಇದ್ದವರು.

ಮರುವರ್ಷ ಅನಿಲ್‌ನ ಗಂಟಲು ಕಟ್ಟಿತು. ವಾರಗಳು ಕಳೆದರೂ ಬಿಡಲಿಲ್ಲ. ಸುವಾರ್ತಮ್ಮ ಉಪವಾಸವಿದ್ದು, ಅವನ ಗಂಟಲ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಆಶ್ಚರ್ಯವೆಂಬಂತೆ ಮೂರ್ನಾಲ್ಕು ದಿನಕ್ಕೆ ಸ್ವರ ತಿಳಿಯಾಯಿತು. ಅಲ್ಲಿಯ ವಾಡಿಕೆಯೆಂದರೆ, ಪ್ರಾರ್ಥನೆ ಫಲಿಸಿದವನು ಭಾನುವಾರ ಸಭೆಯ ನಡುವೆ ಎದ್ದು ನಿಂತು ಅದನ್ನು ಹೇಳಬೇಕು. ಅದಕ್ಕೆ ಸಾಕ್ಷ್ಯ ಎನ್ನುತ್ತಾರೆ. ಅನಿಲ್ ಎದ್ದು ನಿಂತ. ಸ್ವಾಮಿ ನನ್ನ ಗಂಟಲನ್ನು ಮುಟ್ಟಿ ವಾಸಿಮಾಡಿದ ಎಂದ. ಸಭೆ ಚಪ್ಪಾಳೆ ತಟ್ಟಿತು.

ಹದಿನೈದು ದಿನಕ್ಕೆ ಗಂಟಲು ಮತ್ತೆ ಕಟ್ಟಿತು. ಅವನು ಗುಟ್ಟಾಗಿ ಡಾಕ್ಟರ ಭೇಟಿಗೆ ಹೊತ್ತು ಗೊತ್ತುಮಾಡಿಕೊಂಡ. ಹೊರಟವನು ದಾರಿಯಲ್ಲಿ ಸುವಾರ್ತಮ್ಮನ ಮನೆಗೆ ಹೊಕ್ಕು ಹೇಳಿಹೋಗೋಣವೆಂದುಕೊಂಡ. ಅವರು ಬೇಳೆ ಆರಿಸುತ್ತಿದ್ದರು. ತಲೆ ಎತ್ತದೆ ಹೇಳಿದರು: “ಸಾಕ್ಷ್ಯ ಹೇಳಿದ ಮೇಲೆ ಡಾಕ್ಟರ ಮೆಟ್ಟಿಲು ಹತ್ತುವುದೇ ಬಾಬೂ? ಹೋಗಬೇಡ. ದೇವರನ್ನ ಸುಳ್ಳುಗಾರನನ್ನಾಗಿ ಮಾಡಬೇಡ.” ಅವನು ಅಲ್ಲಿಂದಲೇ ಮನೆಗೆ ತಿರುಗಿದ. ಇಷ್ಟು ದಿನ ಯಾಕೆ ಡಾಕ್ಟರ ಹತ್ತಿರ ಹೋಗಲಿಲ್ಲವೆಂದು ಕಮಲಾಕ್ಷಿ ಆಮೇಲೊಮ್ಮೆ ಕೇಳಿದಾಗ ಬ್ಯಾಂಕಿನ ವರ್ಷಾಂತ್ಯದ ಕೆಲಸ ಎಂದ. ಕೊನೆಗೆ ನೀರು ಇಳಿಯದಾದಾಗ ಆಸ್ಪತ್ರೆ ಕಂಡ. ಆರು ತಿಂಗಳು ಮೊದಲೇ ಬಂದಿದ್ದರೆ ಧ್ವನಿ ಉಳಿಯುತ್ತಿತ್ತು ಎಂದರು ಡಾಕ್ಟರು.

ಶಸ್ತ್ರಕ್ರಿಯೆಯ ನಂತರ ಮೂಗಿನ ನಳಿಗೆಯಲ್ಲಿ ಹೊಯ್ಯಲು ರಾಗಿ ಅಂಬಲಿಯನ್ನು ಬಟ್ಟೆಯಲ್ಲಿ ಸೋಸಿ, ಎರಡು ಬಸ್ಸು ಬದಲಿಸಿ ದಿನವೂ ತಂದವರು ಅದೇ ಸುವಾರ್ತಮ್ಮ. ಅನಿಲ್ ಅವರನ್ನು ನೋಡಿ ಗೋಡೆಯ ಕಡೆ ಹೊರಳುತ್ತಿದ್ದ. ನೋವಿರಬೇಕೆಂದು ಅವರು ಕಾಲೊತ್ತುತ್ತಿದ್ದರು.

ಒಂದು ವರ್ಷ ಅವನು ದೇವರೊಂದಿಗೆ ಮಾತು ಬಿಟ್ಟ. ಚರ್ಚಿಗೆ ಹೋದರೂ ಚಪ್ಪಲಿ ಬಿಡುವ ಜಾಗದ ಹತ್ತಿರ ಕೂತು, ಹಾಡು ಮುಗಿದ ಮೇಲೆ ಒಳಗೆ ಹೋಗುತ್ತಿದ್ದ. ಗಾಳಿ ನುಂಗುವ ಪಾಠವನ್ನು ಮಾತ್ರ ಬಿಡಲಿಲ್ಲ. ಹಟದಿಂದ, ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದ. ಒಮ್ಮೆ ತಪಾಸಣೆಗೆ ಹೋದಾಗ ಡಾಕ್ಟರು ಒಬ್ಬ ಮೀನುಗಾರನ ಮಂಚದ ಬಳಿ ಕರೆದೊಯ್ದರು. ಧ್ವನಿ ಹೋಗುವುದಾದರೆ ಸಾಯುತ್ತೇನೆ, ಕೊಯ್ಯಿಸಿಕೊಳ್ಳುವುದಿಲ್ಲ ಎಂದು ಆ ಮನುಷ್ಯ ಗೋಡೆಯ ಕಡೆ ಹೊರಳಿ ಮಲಗಿದ್ದ. ಅನಿಲ್‌ಗೆ ಆ ಬೆನ್ನು ಪರಿಚಯದ್ದು. ಗಾಳಿ ನುಂಗಿ ಕೇಳಿದ: “ಟೀ ಕುಡೀತೀರಾ?” ಮೀನುಗಾರ ತಿರುಗಿ ನೋಡಿ, ಆ ಸ್ವರಕ್ಕೆ ಮೊದಲು ನಕ್ಕು, ಆಮೇಲೆ ಅತ್ತು, ಸಂಜೆಗೆ ಶಸ್ತ್ರಕ್ರಿಯೆಗೆ ಒಪ್ಪಿದ. ಪೆಂಡುರ್ತಿಯ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಅನಿಲ್ ವರ್ಷದ ಮೇಲೆ ಮೊದಲ ಸಲ ಪ್ರಾರ್ಥಿಸಿದ. ಉಳಿದದ್ದು ಇಷ್ಟೇ, ಇದನ್ನು ತಗೋ ಎಂದ. ಅಂದಿನಿಂದ ಯಾವ ಊರಿನಲ್ಲಿದ್ದರೂ ಶನಿವಾರ ಮಧ್ಯಾಹ್ನ ಗಂಟಲು ರೋಗಿಗಳ ವಾರ್ಡಿನಲ್ಲಿ ಒಂದು ಗಳಿಗೆ ಕೂತು ಬರುವುದು ಅವನ ಕೆಲಸವಾಯಿತು.

ಹಾಗಿದ್ದವನ ಕಿವಿಗೆ ಹೋದ ಭಾನುವಾರ, ಚರ್ಚಿನಲ್ಲಿ ತಾಳೆಗರಿ ಹಿಡಿಯುವ ಗರಿಗಳ ಹಬ್ಬದ ದಿನ, ಮಣಿಕಂಠನ ಸ್ವರ ಬಿತ್ತು. ಮಣಿಕಂಠ ಪಟಮಟದ ಸಭೆಯ ಹಾಡುಗಾರ. ಕೊಂಡಪಲ್ಲಿಯಲ್ಲಿ ಮರದ ಬೊಂಬೆಗಳಿಗೆ ಬಣ್ಣ ಹಚ್ಚುವವನು. ಹೆಂಡತಿಯ ತವರು ಇಲ್ಲೇ ಆದ್ದರಿಂದ ಭಾನುವಾರ ಇಲ್ಲಿಗೆ ಬರುತ್ತಿದ್ದ. ಎರಡು ತಿಂಗಳಿಂದ ಕಟ್ಟಿದ್ದ ಗಂಟಲು ಪ್ರಾರ್ಥನೆಯಿಂದ ಬಿಟ್ಟಿತೆಂದು ಗರಿ ಹಿಡಿದು ಸಾಕ್ಷ್ಯ ಹೇಳಿದ. ಸಭೆ ಚಪ್ಪಾಳೆ ತಟ್ಟಿತು. ಆ ತಿಳಿಸ್ವರದ ಅಡಿಯಲ್ಲಿ ಮರಳು ಉಜ್ಜಿದಂತಹ ಸದ್ದೊಂದಿತ್ತು. ತನ್ನ ಗಂಟಲಲ್ಲೂ ಮೊದಲು ಕೇಳಿದ್ದು ಅದೇ ಸದ್ದೆಂದು ಅನಿಲ್ ಗುರುತಿಸಿದ.

ಚಪ್ಪಲಿ ಹುಡುಕುತ್ತಿದ್ದವನನ್ನು ತಡೆದು ಡಾಕ್ಟರ ಮಾತೆತ್ತಿದಾಗ ಮಣಿಕಂಠ ಕೈಮುಗಿದ. “ಸಾಕ್ಷ್ಯ ಹೇಳಿ ಆಯ್ತಲ್ಲ ಮೇನೇಜರ್ ಗಾರೂ. ಈಗ ಆಸ್ಪತ್ರೆಗೆ ಹೋದರೆ ದೇವರನ್ನ ಸುಳ್ಳುಗಾರ ಮಾಡಿದ ಹಾಗಾಗಲ್ವಾ? ಊರು ನಗುತ್ತೆ. ನಿಮಗೆ ನಂಬಿಕೆ ಸ್ವಲ್ಪ ಕಡಿಮೆ, ಏನೂ ಅಂದ್ಕೋಬೇಡಿ.”

ಅದೇ ಸಂಜೆ ಪಾಸ್ಟರ್ ದಾನಿಯೇಲು ಮನೆಗೆ ಬಂದರು. ಶುಭ ಶುಕ್ರವಾರ ಮಧ್ಯಾಹ್ನದ ಮೂರು ತಾಸಿನ ಆರಾಧನೆಯಲ್ಲಿ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಏಳು ಜನ ಸಭಿಕರು ವಿವರಿಸುವುದು ವಾಡಿಕೆ. ಐದನೆಯ ಮಾತಿನವರಿಗೆ ಊರಿಗೆ ಹೋಗಬೇಕಾಗಿ ಬಂದಿತ್ತು. “ಅದು ಬಹಳ ಚಿಕ್ಕದು, ಅನಿಲ್ ಗಾರೂ. ನೀರಡಿಕೆಯಾಗಿದೆ ಅನ್ನೋದು. ನೀವು ಎರಡು ಮಾತು ಹೇಳಿದರೂ ಸಾಕು. ನಾಲ್ಕನೇ ಮಾತಿನ ಸೂರ್ಯಪ್ರಕಾಶ ಮೇಷ್ಟ್ರು ಹೇಗೂ ನಿಮ್ಮ ಹೊತ್ತನ್ನೂ ಅವರೇ ತಗೋತಾರೆ.” ಅನಿಲ್ ಒಪ್ಪಿಕೊಂಡ. ಸಂತೋಷ ತಡೆಯಲಾರದೆ ಕಮಲಾಕ್ಷಿ ಸುವಾರ್ತಮ್ಮನಿಗೆ ಫೋನ್ ಮಾಡಿದಳು. ಬಾಬೂವಿನ ಬಾಯಿಂದ ವಾಕ್ಯ ಕೇಳಬೇಕೆಂದು ಅವರು ಗುರುವಾರದ ರೈಲಿಗೇ ಬಂದಿಳಿದರು.

ಶುಕ್ರವಾರ ಮಧ್ಯಾಹ್ನ ಚರ್ಚಿನಲ್ಲಿ ಫ್ಯಾನುಗಳು ಬಿಸಿಗಾಳಿಯನ್ನೇ ತಿರುವಿಹಾಕುತ್ತಿದ್ದವು. ಎಲ್ಲರೂ ಬಿಳಿ ಬಟ್ಟೆಯಲ್ಲಿ, ಉಪವಾಸದಲ್ಲಿ. ಸೂರ್ಯಪ್ರಕಾಶ ಮೇಷ್ಟ್ರು ಮೈಕು ಬಿಡುವ ಹೊತ್ತಿಗೆ ಮಕ್ಕಳು ಚಾಪೆಯ ಮೇಲೆ ನಿದ್ದೆ ಹೋಗಿದ್ದವು. ಅನಿಲ್ ಎದ್ದ. ಮೊದಲ ಸಾಲಿನಲ್ಲಿ ಸುವಾರ್ತಮ್ಮ ತಲೆಯ ಮೇಲೆ ಸೆರಗೆಳೆದು ಮುಖವೆತ್ತಿ ಕೂತಿದ್ದರು. ಗೋಡೆಯ ಪಕ್ಕ, ಹಾಡುಗಾರರ ನಡುವೆ ಮಣಿಕಂಠ.

“ದಪ್ಪಿ,” ಎಂದ ಅನಿಲ್. ತೆಲುಗಿನಲ್ಲಿ ನೀರಡಿಕೆ. ಆ ಪದ ಮೈಕಿನಲ್ಲಿ ಕಲ್ಲು ಬಿದ್ದಂತೆ ಬಿತ್ತು. ಎಲ್ಲೋ ಒಂದು ಮಗು ಕಿಸಕ್ಕೆಂದಿತು. ತಾಯಿ ಅದರ ಬಾಯಿ ಮುಚ್ಚಿದಳು. ಅವನು ಕಾಯ್ದು, ಗಾಳಿ ನುಂಗಿ, ತೆಲುಗಿನಲ್ಲೇ ಮುಂದುವರಿಸಿದ.

“ಸಮುದ್ರ ಮಾಡಿದವನು. ನೀರು ಕೇಳಿದ. ಯಾರನ್ನ? ಕಾವಲಿನ ಸಿಪಾಯಿಗಳನ್ನ. ನಾಚಲಿಲ್ಲ. ಮುಚ್ಚಿಡಲಿಲ್ಲ.” ಮತ್ತೆ ಗುಟುಕು. “ನಾನು ಮುಚ್ಚಿಟ್ಟೆ. ಪೆಂಡುರ್ತಿಯಲ್ಲಿ. ಗಂಟಲು ವಾಸಿ ಎಂದೆ. ಸಾಕ್ಷ್ಯ ಹೇಳಿದೆ. ಗಂಟಲು ಮತ್ತೆ ಕಟ್ಟಿತು. ಡಾಕ್ಟರ ಹತ್ತಿರ ಹೊರಟೆ.”

ಇಲ್ಲಿಗೆ ಬಂದು ಮಾತು ನಿಂತಿತು. ಮುಂದಿನ ವಾಕ್ಯ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಸುವಾರ್ತಮ್ಮನ ಮುಖದಲ್ಲಿ ಭಯವಿರಲಿಲ್ಲ, ಆ ದಿನದ ನೆನಪಿನ ಗುರುತೂ ಇರಲಿಲ್ಲ. ಮಗ ಮೊದಲ ಸಲ ಓದುವುದನ್ನು ಕೇಳುವ ತಾಯಿಯಂತೆ ಅವರ ತುಟಿ ಅವನ ತುಟಿಯೊಂದಿಗೆ ಆಡುತ್ತಿತ್ತು. ಅನಿಲ್ ಗಾಳಿ ನುಂಗಿದ, ಅದನ್ನು ಮಾತಿಲ್ಲದೆ ಹೊರಗೆ ಬಿಟ್ಟ, ಮತ್ತೆ ನುಂಗಿದ.

“ಅರ್ಧ ದಾರಿಯಿಂದ ತಿರುಗಿದೆ. ದೇವರ ಮಾನ ಕಾಯಬೇಕು ಅಂದುಕೊಂಡೆ. ಅದು ದೇವರ ಮಾನವಲ್ಲ. ನನ್ನ ಮಾನ. ಅದಕ್ಕೆ ತೆತ್ತದ್ದು ಇದು.” ಬಿಳಿ ಬಟ್ಟೆಯನ್ನು ಸರಿಸಿ ಕುತ್ತಿಗೆಯ ತೂತನ್ನು ತೋರಿಸಿದ. “ಸಾಕ್ಷ್ಯ ಹೇಳಿದವನಿಗೂ ನೀರಡಿಕೆಯಾಗುತ್ತದೆ. ಆಗ ಕೇಳಬೇಕು. ಕೇಳುವುದು ಅವಿಶ್ವಾಸವಲ್ಲ. ಕೇಳಿದವನು ಯಾರು, ನೋಡಿ.” ಶಿಲುಬೆಯ ಕಡೆ ಕೈ ತೋರಿದ. “ದೇವರು ನನ್ನ ಧ್ವನಿ ಉಳಿಸಲಿಲ್ಲ. ನನ್ನನ್ನ ಉಳಿಸಿದ. ಕೆಲಸ ಕೊಟ್ಟ. ಈ ತೂತಿನಲ್ಲಿ ಆಡುವುದೂ ಅವನ ಉಸಿರೇ. ಇದು ನನ್ನ ಸಾಕ್ಷ್ಯ. ಪೆಂಡುರ್ತಿಯದ್ದು ಬೇಡ, ಇದನ್ನ ಇಟ್ಟುಕೊಳ್ಳಿ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆರನೆಯ ಮಾತಿನವರು ಎದ್ದು ಬರಲು ಹೊತ್ತು ಹಿಡಿಯಿತು.

ಆರಾಧನೆ ಮುಗಿದು ಅಂಗಳದಲ್ಲಿ ಮಜ್ಜಿಗೆ ಹಂಚುವಾಗ ಮಣಿಕಂಠ ಪಕ್ಕಕ್ಕೆ ಬಂದು ನಿಂತ. ಲೋಟವನ್ನು ಪೂರ್ತಿ ಖಾಲಿ ಮಾಡಿದ.

“ಉಗುಳಿದರೆ ರಕ್ತದ ಎಳೆ ಬರುತ್ತೆ ಸಾರ್,” ಎಂದ ಕೊನೆಗೆ. “ಹೆಂಡತಿಗೂ ಹೇಳಿಲ್ಲ.”

“ಸೋಮವಾರ. ನಾನೂ ಬರ್ತೀನಿ,” ಎಂದ ಅನಿಲ್.

“ಸಭೆಯವರು ಕೇಳಿದರೆ?”

“ದಪ್ಪಿ ಅನ್ನು.”

ಮಣಿಕಂಠ ಅಳುವಂತೆ ನಕ್ಕ.

ಸೋಮವಾರ ಅನಿಲ್ ರಜೆ ಹಾಕಿ ಅವನ ಜೊತೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತ. ಮುಂದಿನ ವಾರಗಳಲ್ಲೂ ಕೂತ. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದು ಕ್ಯಾನ್ಸರೇ ಎಂದು ಬಂತು. ಆದರೆ ಮೊಳಕೆಯಷ್ಟೇ, ಸ್ವರತಂತುವಿನ ಅಂಚಿನಲ್ಲಿ. ಕಿರಣ ಚಿಕಿತ್ಸೆ ಸಾಕು, ಧ್ವನಿ ಉಳಿಯುತ್ತದೆ ಎಂದರು. ಮಣಿಕಂಠ ಗೋಡೆಯ ಕಡೆ ಹೊರಳಲಿಲ್ಲ. ಅನಿಲ್‌ನ ಕೈ ಹಿಡಿದುಕೊಂಡು, ಬಣ್ಣ ಅಂಟಿದ ಬೆರಳುಗಳಿಂದ ಬಹಳ ಹೊತ್ತು ಅದನ್ನೇ ಅಮುಕುತ್ತ ಕೂತ.

ಆ ಸುದ್ದಿ ತಿಳಿದ ಮೇಲೆಯೇ ಊರಿಗೆ ಹೋಗುವುದೆಂದು ಸುವಾರ್ತಮ್ಮ ಅಲ್ಲಿಯವರೆಗೂ ಪಟಮಟದಲ್ಲೇ ಉಳಿದಿದ್ದರು. ವಿಶಾಖಪಟ್ಟಣದ ರೈಲು ಹತ್ತಿಸಲು ಅನಿಲ್, ಕಮಲಾಕ್ಷಿ ಇಬ್ಬರೂ ಹೋದರು. ಕಿಟಕಿಯ ಪಕ್ಕ ಕೂತು, ಉಪ್ಪಿನಕಾಯಿ ಜಾಡಿಯನ್ನು ಮಡಿಲಲ್ಲಿಟ್ಟುಕೊಂಡು ಸುವಾರ್ತಮ್ಮ ಇದ್ದಕ್ಕಿದ್ದಂತೆ ಕೇಳಿದರು:

“ಬಾಬೂ, ಅವತ್ತಿಂದ ತಲೆಯಲ್ಲಿ ಕೊರೀತಾ ಇದೆ. ಡಾಕ್ಟರ ಹತ್ತಿರ ಹೊರಟವನು ಅರ್ಧ ದಾರಿಯಿಂದ ತಿರುಗಿದೆ ಅಂದೆಯಲ್ಲ. ಯಾರು ಹಾಗೆ ತಿರುಗಿಸಿದ್ದು? ಯಾವ ಬುದ್ಧಿಗೇಡಿ? ನನಗೊಂದು ಮಾತು ಹೇಳಿದ್ದರೆ ನಾನೇ ಕೈಹಿಡಿದು ಆಸ್ಪತ್ರೆಗೆ ಎಳಕೊಂಡು ಹೋಗ್ತಿದ್ದೆ.”

ಕಮಲಾಕ್ಷಿಯೂ ತಿರುಗಿ ನೋಡಿದಳು. “ಹೌದು ನೋಡ್ರಿ. ವರ್ಷಾಂತ್ಯದ ಕೆಲಸಾ ಅಂದಿದ್ರಿ ನನ್ನ ಮುಂದ. ಯಾರಂದ್ರು ಹೇಳ್ರಿ.”

ಸುವಾರ್ತಮ್ಮನ ಕಣ್ಣಲ್ಲಿ ಕಪಟವಿರಲಿಲ್ಲ. ಬೇಳೆ ಆರಿಸುತ್ತ ತಲೆ ಎತ್ತದೆ ಆಡಿದ ಮಾತು ಆಡಿದ ಗಳಿಗೆಗೇ ಅವರಿಂದ ಕಳಚಿಹೋಗಿತ್ತು. ಅವನೊಬ್ಬನೇ ಅದನ್ನು ಇಷ್ಟು ವರ್ಷ ಹೊತ್ತಿದ್ದ. ಅನಿಲ್ ಗಾಳಿ ನುಂಗಿದ.

“ನಾನೇ,” ಎಂದ.

“ನಿನಗೂ ಬುದ್ಧಿ ಅಷ್ಟಕ್ಕಷ್ಟೇ,” ಎಂದು ಅವರು ಕಿಟಕಿಯಿಂದ ಕೈಚಾಚಿ ಅವನ ಕೆನ್ನೆ ತಟ್ಟಿದರು. “ಇನ್ನು ಮೇಲೆ ಪೆಂಡುರ್ತಿಯಲ್ಲಿ ಯಾರಿಗೆ ಕೈಯಿಟ್ಟು ಪ್ರಾರ್ಥಿಸಿದರೂ, ಆಮೆನ್ ಅಂದ ಮೇಲೆ ಆಸ್ಪತ್ರೆಗೂ ನಾನೇ ಕರಕೊಂಡು ಹೋಗ್ತೀನಿ. ನೋಡ್ತಿರು.” ಮುಂದೆ ಅವರು ಹೇಳಿದಂತೆಯೇ ನಡೆದುಕೊಂಡರು.

ರೈಲು ಹೊರಟಿತು. ಅಂದು ತನಗೆ ಹೋಗಬೇಡ ಎಂದವರು ಸುವಾರ್ತಮ್ಮ ಎಂಬುದನ್ನು ಅನಿಲ್‌ಕುಮಾರ್ ಅವರಿಗಾಗಲಿ, ಕಮಲಾಕ್ಷಿಗಾಗಲಿ ಎಂದೂ ಹೇಳಲಿಲ್ಲ.