ಸೂತಕ ಕಳೆಯಲಿ

ಚರ್ಚಿನಲ್ಲಿ ಆರು ಜನ ಶವಪೆಟ್ಟಿಗೆಗೆ ಹೆಗಲು ಕೊಟ್ಟು ಮೇಲೇಳುತ್ತಿದ್ದಾಗ ಮೈಥಿಲಿ ಗಡಿಯಾರ ನೋಡಿದಳು. ಮೂರೂ ಮುಕ್ಕಾಲು. ನೋಡಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

"ಹೋಗಿ ಅವ್ರ ಮಗಳನ್ನ ಕೇಳೇ," ಗಂಡ ಉತ್ತಮ್ ಪಿಸುಗುಟ್ಟಿದ. "ಐದು ಗಂಟೆಗೆ ಪೋರ್ಟಲ್ ಕ್ಲೋಸ್ ಆಗುತ್ತೆ."

"ಅವಳು ಅಪ್ಪನ್ನ ಕಳಿಸಿಕೊಡ್ತಿದಾಳೆ ಕಣೋ. ಈಗ ಹೋಗಿ ನನ್ನ ವೀಸಾ ಅನ್ಲಾ?"

"ಹತ್ತು ದಿನದಿಂದ ಇದೇ ಆಯ್ತು. ಸೂತಕ, ಸೂತಕ! ಅವ್ರಿಗೆಲ್ಲಿದೆ ಸೂತಕ?"

ವೀಸಾ ನಿರಾಕರಿಸಿದ್ದರ ವಿರುದ್ಧ ಮೇಲ್ಮನವಿಗೆ ಇವತ್ತೇ ಕೊನೆಯ ದಿನ. ಅದನ್ನು ಬರೆದಿಟ್ಟಿದ್ದ ವಕೀಲ ಡೆಕ್ಲನ್ ಹೀಲಿ ಪೆಟ್ಟಿಗೆಯೊಳಗಿದ್ದರು. ಅರ್ಜಿ ಅವರ ಲ್ಯಾಪ್‌ಟಾಪಿನಲ್ಲಿತ್ತು. ಹೊಸದಾಗಿ ಬರೆಯಲು ವಾರ ಬೇಕೆಂದು ಬ್ರಿಸ್ಬೇನಿನ ವಕೀಲನೊಬ್ಬ ನಿನ್ನೆ ಕೈಚೆಲ್ಲಿದ್ದ. ಸಾವಿನ ಮನೆಗೆ ಸ್ವಂತ ಕೆಲಸ ಹಿಡಿದು ಹೋಗಬಾರದು, ಹನ್ನೊಂದು ದಿನ ಕಳೆಯಲಿ ಎಂದು ಇವಳು ಫೋನೇ ಮಾಡಿರಲಿಲ್ಲ. ಮೈಸೂರಿನ ಮರ್ಯಾದೆ! ಅದೀಗ ಗಂಡಹೆಂಡಿರನ್ನು ದೇಶದಿಂದಾಚೆ ಅಟ್ಟುವುದರಲ್ಲಿತ್ತು.

* * *

ಪರ್ತಿನಿಂದ ಮೂರು ಗಂಟೆ ದಾರಿ, ಗೋಧಿ ಬಯಲಿನ ನಡುವೆ ಹೀಲಿಯವರ ಕಚೇರಿ. ಬೇಲಿ ಜಗಳ, ಉಯಿಲು, ವಿಚ್ಛೇದನ, ವೀಸಾ, ಆ ಊರಿನ ಎಲ್ಲಕ್ಕೂ ಅವರೊಬ್ಬರೇ. ಮೊದಲ ದಿನ ಮೈಥಿಲಿ ಅಳುತ್ತಾ ಕೂತಾಗ ಬಿಸ್ಕತ್ತಿನ ಡಬ್ಬಿ ಮುಂದೆ ತಳ್ಳಿದ್ದರು.

"ಐರ್ಲೆಂಡಿನಿಂದ ಬಂದಾಗ ನನಗೆ ಇಪ್ಪತ್ತೊಂದು. ಕುರಿ ಉಣ್ಣೆ ಕತ್ತರಿಸುವವರಿಗೆ ಅಡುಗೆ ಮಾಡುತ್ತಿದ್ದೆ. ವೀಸಾ ಮುಗಿದಿದ್ದೇ ಗೊತ್ತಿರಲಿಲ್ಲ, ನೋಡು. ಪೊಲೀಸರು ಬಂದಾಗ ಒಲೆಯ ಮೇಲೆ ಸಾರು ಕುದಿಯುತ್ತಿತ್ತು."

"ಆಮೇಲೆ?"

"ಸಾರು ಸೀದುಹೋಯಿತು. ನಾನು ಕಾನೂನು ಓದಿದೆ. ಒಂಬತ್ತು ವರ್ಷ ಹಿಡಿಯಿತು."

* * *

ಚರ್ಚಿನ ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಅಡಿಲೇಡಿನಿಂದ ಬಂದಿದ್ದ ಮಗಳು ನೋರಾ, ಅವಳೂ ವಕೀಲೆ, ಶವವಾಹನದ ಪಕ್ಕ ನಿಂತಿದ್ದಳು. ಮೈಥಿಲಿ ಹತ್ತಿರ ಹೋದಳು. ಅವಳು ಎದೆಗವಚಿಕೊಂಡಿದ್ದ ವೀಸಾ ಫೈಲಿನ ಮೇಲೆ ಅಪ್ಪನ ಕಚೇರಿಯ ಮುದ್ರೆಯನ್ನು ನೋರಾ ನೋಡಿದಳು.

"ಕೊನೆಯ ದಿನ ಯಾವತ್ತು?"

"ಇವತ್ತು. ಐದಕ್ಕೆ."

"ಅಯ್ಯೋ ದೇವರೇ! ಹತ್ತು ದಿನ ಏನು ಮಾಡುತ್ತಿದ್ದೆ?"

"ನಮ್ಮಲ್ಲಿ ಸಾವಾದ ಮನೆಯವರಿಗೆ ತೊಂದರೆ ಕೊಡಬಾರದು..."

ನೋರಾ ಫೈಲನ್ನು ಅವಳ ಕೈಯಿಂದ ತೆಗೆದುಕೊಂಡಳು. "ಹತ್ತು ದಿನ ಆ ಮನೆಯಲ್ಲಿ ಒಬ್ಬಳೇ ಇದ್ದೆ. ಯಾರಾದರೂ ತೊಂದರೆ ಕೊಡಬಾರದಾ ಅನ್ನಿಸುತ್ತಿತ್ತು."

ಮೈಥಿಲಿಗೆ ಕಪಾಳಕ್ಕೆ ಹೊಡೆದಂತಾಯಿತು.

ನೋರಾ ಕಾರಿನಿಂದ ಅಪ್ಪನ ಲ್ಯಾಪ್‌ಟಾಪ್ ತಂದು ಶವವಾಹನದ ಬಾನೆಟ್ ಮೇಲೆ ತೆರೆದಳು. ಬಿಸಿಲಿಗೆ ಪರದೆ ಕಾಣದು. ಪೆಟ್ಟಿಗೆ ಹೊತ್ತು ತಂದಿದ್ದ ಆರು ಜನರೂ ಕಪ್ಪು ಕೋಟು ಬಿಚ್ಚಿ ಚಪ್ಪರದಂತೆ ಎತ್ತಿಹಿಡಿದರು. ಪಾಸ್‌ವರ್ಡ್ ಎರಡು ಸಲ ತಪ್ಪಾಯಿತು. ಮೂರನೆಯದು ಹಿಡಿಯಿತು.

"ಸ್ಮಶಾನದಲ್ಲಿ ಪಾದ್ರಿ ಕಾಯುತ್ತಿದ್ದಾರೆ," ಎಂದ ಚಾಲಕ.

"ಕಾಯಲಿ."

ತೊಂಬತ್ತೊಂದು ಪರ್ಸೆಂಟಿಗೆ ಅಪ್‌ಲೋಡು ನಿಂತುಬಿಟ್ಟಿತು. ಇಂಟರ್‌ನೆಟ್ ಕೊಡುತ್ತಿದ್ದ ಫೋನನ್ನು ಉತ್ತಮ್ ಇನ್ನೂ ಎತ್ತರಕ್ಕೆ ಹಿಡಿದ. ಹಿಂದಿನ ಕಾರುಗಳ ಸಾಲಿನಲ್ಲಿ ಒಬ್ಬರೂ ಹಾರ್ನ್ ಹೊಡೆಯಲಿಲ್ಲ. ನಾಲ್ಕೂ ಇಪ್ಪತ್ತಕ್ಕೆ ರಸೀದಿ ಬಂತು. ಮೈಥಿಲಿ ಅಲ್ಲೇ ಕುಸಿದು ಕೂತು ಅತ್ತಳು.

ನೋರಾ ಶವವಾಹನದ ಹಿಂಬಾಗಿಲು ತೆಗೆಸಿ, ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ, ಪರದೆಯನ್ನು ಪೆಟ್ಟಿಗೆಯ ಕಡೆ ತಿರುಗಿಸಿ ಹಿಡಿದಳು.